ಬಚ್ಚಲ ಗೋಡೆಯ ಡಾಂಬರು

ನಾನು ಮದುವೆಯಾಗಿ ಗಡಿಯಾಚೆಯ ಮಲಯಾಳ ನಾಡಿನ ನೂಲ್ಪುಳಕ್ಕೆ ಬಂದ ಹೊಸತು. ಬಚ್ಚಲಿಗೆ ಬೇರೆ ಬಣ್ಣ ಹೊಡೆಯೋಣವೆಂದು ಹೊರಟರೆ ಹಳೆಯ ಹಸಿರು ಆಯಿಲ್ ಪೇಂಟ್ ಜಪ್ಪಯ್ಯ ಎಂದರೂ ಬಿಡಲಿಲ್ಲ. ಬಿಸಿನೀರು ಎರಚಿ ಕೆರೆದೆ, ಬೈದುಕೊಂಡು ಕೆರೆದೆ. ಕೊನೆಗೆ ಚಕ್ಕೆಚಕ್ಕೆಯಾಗಿ ಎದ್ದಿತು. ಅದರಡಿ ಹೊಗೆ ಹಿಡಿದ ಸುಣ್ಣ. ಸುಣ್ಣದಡಿ ಡಾಂಬರಿನಲ್ಲಿ ಬರೆದ ದಪ್ಪ ಮಲಯಾಳ ಅಕ್ಷರಗಳು. ಓದಲು ಸಿಕ್ಕಿದ್ದು ‘ಭೂಮಿ’ ಎಂಬ ಒಂದೇ ಪದ.

ನಕ್ಸಲರ ಕಾಲದಲ್ಲಿ ‘ಉಳುವವನಿಗೇ ಭೂಮಿ’ ಎಂದು ಗೋಡೆಗಳ ಮೇಲೆ ಹೀಗೆ ಬರೆಯುತ್ತಿದ್ದರೆಂದು ಕೇಳಿದ್ದೆ. ಆದರೆ ಬಚ್ಚಲೊಳಗೆ ಬಂದು ಘೋಷಣೆ ಬರೆಯುವ ಪುಣ್ಯಾತ್ಮರು ಯಾರು? ತಡೆಯಲಾಗದೆ ಅತ್ತೆಯನ್ನು ಕರೆದೆ.

ಅವರು ನೋಡಿ ನಕ್ಕುಬಿಟ್ಟರು. “ಆಗ ಇಲ್ಲಿ ಬಚ್ಚಲೆಲ್ಲಿತ್ತು ಮಗಳೇ? ಇದು ಮನೆಯ ಹೊರಗೋಡೆ. ಬೆಳಗಾಗೆದ್ದು ನೋಡಿದ್ರೆ ಯಾರೋ ಬರೆದು ಹೋಗಿದ್ರು. ಪೋಲೀಸ್ ಬಂದು ಕೇಳಿದ್ರೆ ಏನು ಹೇಳೋದು ಅಂತ ನಿಮ್ಮ ಮಾವ ಸುಣ್ಣ ಬಳಿದ್ರು. ಎಷ್ಟು ಬಳಿದ್ರೂ ಡಾಂಬರು ಮತ್ತೆ ಎದ್ದು ಕಾಣೋದು. ಕಡೆಗೆ ಅದನ್ನ ಮುಚ್ಚೋಕೇ ಮೂರು ಗೋಡೆ ಎಬ್ಬಿಸಿ ಕುಳಿಮುರಿ, ಅದೇ ಈ ಬಚ್ಚಲು, ಮಾಡಿಬಿಟ್ರು.”

“ಅಲ್ಲಿವರೆಗೆ ನೀವೆಲ್ಲಿ ಮೀಯ್ತಿದ್ರಿ?”

“ತೋಟದಾಚೆ ಹರಿಯೋ ತೋಡಲ್ಲಿ. ಗಂಡಸ್ರು ಏಳೋ ಮುಂಚೆ, ಸೀರೆ ಉಟ್ಟುಕೊಂಡೇ.”

ನಾನು ಮತ್ತೆ ಕೆರೆಯಲು ಕೈ ಎತ್ತಿದೆ. ಅತ್ತೆ ತಡೆದು, ಆ ಅಕ್ಷರಗಳನ್ನು ಬೆರಳಿಂದ ಸವರಿದರು.

“ಭೂಮಿ ಯಾರಿಗೆ ಸಿಕ್ತೋ ನಂಗೊತ್ತಿಲ್ಲ. ನಂಗಂತೂ ಚಿಲಕ ಇರೋ ಒಂದು ಬಾಗಿಲು ಸಿಕ್ತು.”