ಉಚ್ಚೆಂಗೆಮ್ಮ ಹಾಕಿದ ಗಂಟು

ನನ್ನ ಗಂಡ ಅಜ್ಜಯ್ಯ ಕೆಟ್ಟವರಲ್ಲ. ಆದರೆ ತೊಂಬತ್ತೆಂಟನೇ ಇಸವಿಯಲ್ಲಿ ಅವರು ಮಾಡಿದ್ದು ಕಳ್ಳತನವೇ. ಅವರ ಎದುರಿಗೇ ಹೇಳಿದ್ದೇನೆ, ಈಗಲೂ ಹೇಳುತ್ತೇನೆ.

ಉಚ್ಚೆಂಗೆಮ್ಮ ನನ್ನ ವಾರಗಿತ್ತಿ, ನಮ್ಮವರ ಅಣ್ಣನ ಹೆಂಡತಿ. ಭಾವ ತೀರಿಕೊಂಡ ಮೇಲೆ ಕೊಂಡಜ್ಜಿಯ ನಮ್ಮ ಮನೆಯಲ್ಲಿ ತನ್ನದು ಅಂತ ಅವಳಿಗೆ ಉಳಿದದ್ದು ಒಂದು ಕೆಂದ ಹಸು. ನನಗೆ ನನ್ನ ತವರಿನವರು ಕೊಟ್ಟ ಎಮ್ಮೆ ಇದ್ದ ಹಾಗೆ, ಅದು ಕರುವಾಗಿದ್ದಾಗಲೇ ಅವಳು ತವರಿನಿಂದ ಹೊಡೆದುಕೊಂಡು ಬಂದದ್ದು. ಗುತ್ತೂರಿನ ಇಟ್ಟಿಗೆ ಗೂಡಿನಲ್ಲಿ ದುಡಿದು ಬಂದು, ಪುಂಡಿ ನಾರು ಹೊಸೆದು ಅದರ ಕೊರಳಿಗೆ ತಾನೇ ಹಗ್ಗ ಮಾಡುತ್ತಿದ್ದಳು. ಕೊರಳಲ್ಲಿ ಅವಳು ಹಾಕಿದ ಗಂಟು ಎಳೆದಷ್ಟೂ ಬಿಗಿಯುತ್ತಿತ್ತು. ಬಿಚ್ಚುವುದು ಹೆಂಗೆ ಅಂತ ಕೇಳಿದರೆ, "ನಿಂಗ್ಯಾಕ ಬೇಕವ್ವಾ, ನಿಂಗೆ ಗಂಡ ಅದಾನಲ್ಲ" ಎಂದು ನಕ್ಕುಬಿಡುತ್ತಿದ್ದಳು.

ಆ ದಿನ ಅವಳು ಕೆಲಸಕ್ಕೆ ಹೋದದ್ದೇ ತಡ, ನಮ್ಮವರು ಗೂಟದಿಂದ ಹಗ್ಗ ಬಿಚ್ಚಿ ಹಸು ಹೊಡೆದುಕೊಂಡು ದಾವಣಗೆರೆಯ ದನದ ಸಂತೆಗೆ ಹೊರಟರು.

"ಅಕ್ಕನ ಹಸು ಅದು, ಬ್ಯಾಡ್ರಿ" ಅಂದೆ.

"ಮನ್ಯಾಗಿನ ದನ ಮನೆಯೋರ್ದು. ನೀ ಸುಮ್ನಿರು."

ಸುಮ್ಮನಿರುತ್ತೇನಾ! ಕಸಬರಿಗೆ ಅಲ್ಲೇ ಎಸೆದು ಗುತ್ತೂರಿಗೆ ಓಡಿ ಅವಳಿಗೆ ಹೇಳಿದೆ. ಇಬ್ಬರೂ ಸಿಕ್ಕ ಬಸ್ಸು ಹತ್ತಿದೆವು.

ಸಂತೆಯಲ್ಲಿ ಪಿ.ಜೆ. ಬಡಾವಣೆಯ ವಾಮದೇವಪ್ಪನವರು ಹಸು ಕೊಳ್ಳಲು ಹೊಸ ಹಗ್ಗ ಹಿಡಿದು ನಿಂತಿದ್ದರು. ನಮ್ಮ ಕಡೆ ದನದ ಜೊತೆ ಹಳೇ ಹಗ್ಗ ಕೊಡುವುದಿಲ್ಲ. ಮಾರುವವನು ಅದನ್ನು ಕೈಯಾರೆ ಬಿಚ್ಚಿ ಇಟ್ಟುಕೊಳ್ಳಬೇಕು, ಕೊಂಡವನು ತನ್ನ ಹಗ್ಗ ಹಾಕಬೇಕು. ಅಲ್ಲಿಯವರೆಗೆ ವ್ಯಾಪಾರ ಮುಗಿದಂತಲ್ಲ. ನಮ್ಮವರು ಆ ಗಂಟಿಗೆ ಉಗುರು ಹಾಕಿ, ಹಲ್ಲು ಹಾಕಿ ಬೆವರು ಸುರಿಸುತ್ತಿದ್ದರು.

ದಲಾಲಿ ಹಿದಾಯತ್ ಸಾಬರು ಕೇಳಿದರು: "ಏನ್ರಿ ಅಜ್ಜಯ್ಯ, ನಿಮ್ಮ ಹಸು ಅಂತೀರಿ. ನಿಮ್ಮ ಹಗ್ಗ ನಿಮಗೇ ಬಿಚ್ಚಾಕೆ ಬರಂಗಿಲ್ಲೇನು?"

"ಒಂದು ಕುಡಗೋಲು ಕೊಡ್ರಿ, ಕೊಯ್ದೇ ಬಿಡ್ತೀನಿ."

"ಕಣ್ಣಿ ಕೊಯ್ದು ದನ ಮಾರ್ತಾರೇನ್ರಿ? ಕಳ್ಳರ ಕೆಲ್ಸ ಅದು."

"ಕಳ್ಳರ ಕೆಲ್ಸನೇ ಐತಿ ಸಾಬ್ರೆ" ಅಂದಳು ಹಿಂದಿನಿಂದ ಉಚ್ಚೆಂಗೆಮ್ಮ.

ಇಟ್ಟಿಗೆ ಧೂಳು ಮೆತ್ತಿದ ಕೈಯಲ್ಲೇ ಹಸುವಿನ ಕೊರಳು ಸವರಿದಳು. ಬೆರಳು ಹೆಂಗೆ ತಿರುಗಿಸಿದಳೋ, ಹಗ್ಗ ಸರ್ರನೆ ಬಿಚ್ಚಿಕೊಂಡಿತು. ಒಡತಿಯೇ ಬಿಚ್ಚಿದಳು, ಇನ್ನೇನು ವ್ಯಾಪಾರ ಮುಗೀತು ಅಂತ ವಾಮದೇವಪ್ಪನವರು ಹೊಸ ಹಗ್ಗ ಹಿಡಿದು ಮುಂದೆ ಬಂದರು.

"ತಡೀರಿ ಯಜಮಾನ್ರೆ. ಮಾರಾಕೆ ಬಿಚ್ಲಿಲ್ಲ ನಾನು. ಹಸು ಯಾರ್ದು ಅಂತ ತೋರ್ಸಾಕೆ ಬಿಚ್ಚಿದ್ದು."

ಅಷ್ಟು ಹೇಳಿ ಅದೇ ಹಗ್ಗವನ್ನು ಮತ್ತೆ ಕಟ್ಟಿದಳು. ವಾಮದೇವಪ್ಪನವರು ತಮ್ಮ ಹಗ್ಗ ಸುತ್ತಿಕೊಂಡು ಬೇರೆ ಹಸು ನೋಡಲು ಹೋದರು. ನಮ್ಮವರ ಮುಖ ಕಪ್ಪಿಟ್ಟಿತ್ತು.

"ಅತ್ತಿಗೆ, ನಡು ಸಂತ್ಯಾಗೆ ನನ್ನ ಮಾನ ಕಳೆದ್ರಿ."

"ಬರುವಾಗ ತಂದಿದ್ಯೇನಪ್ಪಾ ಅದನ್ನ?"

ಸುತ್ತ ನಿಂತವರೆಲ್ಲ ಘೊಳ್ಳೆಂದರು. ನಾನೂ ನಕ್ಕೆ, ಸುಳ್ಳು ಯಾಕೆ ಹೇಳಲಿ.

ನಡೆದೇ ವಾಪಸು ಬಂದೆವು. ನಮ್ಮವರು ಒಂದು ಫರ್ಲಾಂಗು ಹಿಂದೆ. ಕೊಂಡಜ್ಜಿ ಕೆರೆ ಹತ್ತಿರ ಹಸು ನೀರು ಕುಡಿಯುವಾಗ ಉಚ್ಚೆಂಗೆಮ್ಮ ಹಗ್ಗದ ತುದಿಯನ್ನು ನನ್ನ ಕೈಗಿಟ್ಟಳು. "ಹಿಡಿ ಓಬವ್ವಾ, ಕಲಿ" ಅಂದಳು. ಮೂರು ಸಲ ತಪ್ಪಿದೆ, ನಾಲ್ಕನೆಯ ಸಲ ಬಂತು.

ಮರುದಿನ ಬೆಳಿಗ್ಗೆ ನನ್ನ ಎಮ್ಮೆಯ ಕೊರಳಿಗೆ ಆ ಗಂಟು ಹಾಕುತ್ತಿದ್ದೆ. ನಮ್ಮವರು ಬಾಯಲ್ಲಿ ಬೇವಿನ ಕಡ್ಡಿ ಇಟ್ಟುಕೊಂಡು ನೋಡುತ್ತಿದ್ದರು.

"ನೀನೂ ಶುರು ಮಾಡಿದ್ಯಾ?"

"ಹ್ಞೂಂ" ಅಂದೆ. ಅವರಿಗೆ ಕಾಣಲಿ ಅಂತಲೇ ಇನ್ನೊಂದು ಸುತ್ತು ಬಿಗಿದೆ.