ಗಿರಿಜೆಯ ಹೆಸರಿನಲ್ಲೊಂದು ಅರ್ಚನೆ

ಭಾನುವಾರ ಸಂಜೆ ನಮ್ಮ ಬೀದಿಯ ಕುಕ್ಕರುಗಳೆಲ್ಲ ಏಳಕ್ಕೆ ಮೊದಲೇ ಕೂಗಿ ಮುಗಿಸುತ್ತಿದ್ದವು. ಇಂದಿರಾನಗರದ ಅಂಚಿನಲ್ಲಿ, ಕಾರ್ಖಾನೆಯ ನೌಕರರೇ ತುಂಬಿದ್ದ ಆ ಬೀದಿಯಲ್ಲಿ ಉಳಿದ ದಿನಗಳಲ್ಲಿ ಒಂದು ಮನೆಯ ಸಾರು ಕುದಿದು ಇಳಿಯುವ ಹೊತ್ತಿಗೆ ಇನ್ನೊಂದು ಮನೆಯಲ್ಲಿ ಆಗಷ್ಟೇ ಬೇಳೆ ತೊಳೆಯುತ್ತಿದ್ದರು. ಭಾನುವಾರ ಮಾತ್ರ ಊರಿಗೆಲ್ಲ ಒಟ್ಟಿಗೇ ಹಸಿವಾದಂತೆ ಸೀಟಿಯ ಹಿಂದೆ ಸೀಟಿ. ಕಾರಣ, ತೊಂಬತ್ತರ ದಶಕದ ಒಂದು ಧಾರಾವಾಹಿ. ಈಗ ನೆನೆದರೂ ನನಗೆ ಕುಳಿತಲ್ಲಿ ಕುಳಿತಿರಲಾಗುವುದಿಲ್ಲ, ನಿಮಗೆ ಅದನ್ನು ಹೇಳಿಯೇ ತೀರಬೇಕು.

ಘಾಟಿಯಲ್ಲಿ ಯಾತ್ರೆಯ ಬಸ್ಸೊಂದು ಕಂದಕಕ್ಕೆ ಉರುಳುತ್ತದೆ. ಗಾಯಾಳುಗಳ ಆರೈಕೆ ಮಾಡುವ ಒಬ್ಬ ಡಾಕ್ಟರೂ ಸೇರಿ ಬದುಕಿ ಉಳಿದ ಕೆಲವರು ಅನ್ನ ನೀರಿಲ್ಲದೆ ಕಾಡಿನಲ್ಲಿ ದಾರಿ ಕಾಯುತ್ತಾರೆ. ವಾರಕ್ಕೊಬ್ಬರು ಸಾಯುತ್ತಾರೆ, ಸಾಯದವರು ಒಬ್ಬರನ್ನೊಬ್ಬರು ಅನುಮಾನಿಸುತ್ತಾರೆ. ಕಥೆ ಇಷ್ಟೇ. ಇಂಥ ಕರಾಳ ಕಥೆಯನ್ನು ನಾವು ನಮ್ಮ ಹಜಾರದ ಚಾಪೆಯ ಮೇಲೆ ಕಾಲು ಚಾಚಿ, ಚಕ್ಕುಲಿ ಕಡಿಯುತ್ತ ನೋಡುತ್ತಿದ್ದೆವು ಎನ್ನುವುದೇ ಒಂದು ವಿನೋದ. ಹೊಟ್ಟೆ ತುಂಬಿದ ಮೇಲೆ ಹುಗ್ಗಿ ಮುಳ್ಳು ಎನ್ನುತ್ತಾರೆ; ಹೊಟ್ಟೆ ತುಂಬಿದ ಮೇಲೆ ಹಸಿದವರ ನಡತೆಯೂ ಮುಳ್ಳಾಗಿಯೇ ಚುಚ್ಚುತ್ತದೆಂದು ನಾನು ಕಂಡುಕೊಂಡದ್ದು ಆ ಚಾಪೆಯ ಮೇಲೆ. ಯಾರು ಎಷ್ಟು ನೀರು ಕುಡಿಯಬೇಕಿತ್ತು, ಯಾರು ಯಾರಿಗೆ ಬಿಸ್ಕತ್ತು ಕೊಡಬೇಕಿತ್ತು ಎಂದು ನಾವು ಬಾಯಿ ತುಂಬ ಚಕ್ಕುಲಿ ಇಟ್ಟುಕೊಂಡೇ ತೀರ್ಪು ಕೊಡುತ್ತಿದ್ದೆವು. ಸೋಮವಾರ ಶಿವಾಜಿನಗರದ ನನ್ನ ವಿಮಾ ಕಚೇರಿಗೆ ಹೋಗುವ ಬಸ್ಸಿನಲ್ಲಿ ಅದೇ ವಾದ ಮುಂದುವರಿಯುತ್ತಿತ್ತು. ಕಂಡಕ್ಟರು ಟಿಕೆಟ್ ಹರಿಯುವುದನ್ನು ನಿಲ್ಲಿಸಿ ತನ್ನ ಅಭಿಪ್ರಾಯವನ್ನೂ ಸೇರಿಸುತ್ತಿದ್ದ.

ಆ ತೀರ್ಪುಗಳಲ್ಲಿ ಒಂದರ ವಿಷಯದಲ್ಲಿ ಮಾತ್ರ ಎರಡು ಮಾತಿರಲಿಲ್ಲ. ಅದು ಗಿರಿಜೆಯದು. ಗಿರಿಜೆ ಗಂಡನ ತಾಯಿಯೊಂದಿಗೆ ಯಾತ್ರೆಗೆ ಹೊರಟಿದ್ದ ವಿಧವೆ. ಮುದುಕಿಯ ಕಾಲು ಮುರಿದಿದೆ. ಒಂದು ವಾರದ ಕಂತಿನಲ್ಲಿ ಗಿರಿಜೆ ಬೆಳಕು ಹರಿಯುವ ಮೊದಲೇ ಎದ್ದು, ಉಳಿದಿದ್ದ ಬಿಸ್ಕತ್ತನ್ನು ಸೆರಗಿಗೆ ಕಟ್ಟಿಕೊಂಡು, ಮುದುಕಿಯನ್ನು ಅಲ್ಲೇ ಬಿಟ್ಟು ಕಾಡಿನೊಳಗೆ ನಡೆದುಬಿಟ್ಟಳು.

"ಇವಳು ಹೆಂಗಸಾ? ರಾಕ್ಷಸಿ," ಎಂದರು ಪಕ್ಕದ ಮನೆಯ ಸೆಲ್ವಿ ಆಂಟಿ. "ಪಾವಂ, ಆ ಅಜ್ಜಿ ಏನು ಮಾಡ್ತಾರೆ ಈಗ?"

"ಇಂಥವಳಿಗೆ ಹುಳ ಬೀಳುತ್ತೆ," ಎಂದಳು ಅಮ್ಮ.

ಆಗ ಗೋಡೆಗೊರಗಿ ಕುಳಿತಿದ್ದ ಪದ್ಮತ್ತೆ, "ಕೂತಿದ್ರೆ ಇಬ್ರೂ ಸಾಯ್ತಿದ್ರು. ಎದ್ದು ಹೋದೋಳ್ದು ತಪ್ಪೇನು?" ಎಂದರು.

ಎಲ್ಲರೂ ಅವರತ್ತ ತಿರುಗಿದರು. ಪದ್ಮತ್ತೆ ಅಪ್ಪನ ಅಕ್ಕ. ನಮ್ಮ ಮನೆಯಲ್ಲಿದ್ದ ಅಷ್ಟು ವರ್ಷಗಳಲ್ಲಿ ಇಂಥ ಪಲ್ಯ ಬೇಕು ಎಂದು ಕೂಡ ಬಾಯಿಬಿಟ್ಟವರಲ್ಲ. ಗಂಡ ತೀರಿಕೊಂಡ ಮೇಲೆ ಮಾರತ್ತಹಳ್ಳಿಯ ಆಚೆಯ ಹಳ್ಳಿಯೊಂದರಲ್ಲಿ, ಹಾಸಿಗೆ ಹಿಡಿದಿದ್ದ ಗಂಡನ ತಾಯಿಯ ಸೇವೆ ಮಾಡಿಕೊಂಡಿದ್ದವರು ಒಂದು ಮಧ್ಯಾಹ್ನ ಬರಿಗೈಯಲ್ಲಿ ನಮ್ಮ ಬಾಗಿಲಿಗೆ ಬಂದು ನಿಂತಿದ್ದರು. ಸ್ವಲ್ಪ ದಿನಕ್ಕೇ ಆ ಮುದುಕಿ ಹೋಗಿಬಿಟ್ಟರು. 'ಬಿಟ್ಟು ಬಂದವಳು' ಎಂದು ನೆಂಟರಿಷ್ಟರು ಬೆನ್ನ ಹಿಂದೆ ಆಡಿಕೊಂಡರು. ನಮ್ಮ ಮನೆಯಲ್ಲಿ ಯಾರೂ ಹಾಗೆ ಆಡಲಿಲ್ಲ ನಿಜ, ಆದರೆ ಏನಾಯಿತೆಂದು ಯಾರೂ ಕೇಳಲೂ ಇಲ್ಲ. ಅಪ್ಪನಿಗೆ ಸಂಕೋಚ, ಅಮ್ಮನಿಗೆ, ನನ್ನ ಲೆಕ್ಕದಲ್ಲಿ, ಒಳಗೊಳಗೇ ಅಸಮಾಧಾನ. ಅನ್ನಕ್ಕೆ ಕೊರತೆ ಮಾಡದೆಯೂ ಒಬ್ಬರನ್ನು ಹೊರಗಿಡಬಹುದು ನೋಡಿ.

ಮುಂದಿನ ವಾರಗಳಲ್ಲಿ ಪದ್ಮತ್ತೆ ಬೇರೆಯೇ ಮನುಷ್ಯರಾದರು. ಗಿರಿಜೆ ಹೊಳೆ ದಾಟಿದರೆ ಇವರು ಚಾಪೆಯ ಅಂಚು ಹಿಡಿದುಕೊಳ್ಳುವರು. ಅವಳು ಗೊತ್ತಿಲ್ಲದ ಕಾಯಿಯನ್ನು ಬಾಯಿಗಿಟ್ಟರೆ "ಬೇಡ ಕಣೇ, ಉಗುಳು" ಎಂದು ಗದರುವರು. ಕಾಡಿನಲ್ಲಿ ಮುದುಕಿ ಸತ್ತ ವಾರ ಅಮ್ಮ ಮತ್ತು ಸೆಲ್ವಿ ಆಂಟಿ ಗಿರಿಜೆಗೆ ಹಾಕಿದ ಶಾಪವನ್ನು ಇಲ್ಲಿ ಬರೆಯಲಾರೆ. ಪದ್ಮತ್ತೆ ಎದ್ದು ಒಳಗೆ ಹೋದರು. ಅದೇ ಸಮಯಕ್ಕೆ, ಗಿರಿಜೆಯೂ ಸಾಯುತ್ತಾಳಂತೆ ಎಂಬ ಸುದ್ದಿ ಬೀದಿಯಲ್ಲಿ ಹಬ್ಬಿತು. ಮರುದಿನ ಬೆಳಗ್ಗೆ ಪದ್ಮತ್ತೆ, "ಹಲಸೂರು ದೇವಸ್ಥಾನಕ್ಕೆ ಹೋಗ್ಬೇಕು, ಬರ್ತೀಯಾ?" ಎಂದು ನನ್ನನ್ನು ಹೊರಡಿಸಿದರು.

ಹಣ್ಣುಕಾಯಿ ತೆಗೆದುಕೊಂಡ ಅರ್ಚಕರು ಯಾರ ಹೆಸರಿಗೆ ಎಂದರು. "ಗಿರಿಜಾ," ಎಂದರು ಪದ್ಮತ್ತೆ. ಗೋತ್ರ ಕೇಳಿದರೆ ನಮ್ಮ ಮನೆಯ ಗೋತ್ರವನ್ನೇ ಹೇಳಿದರು.

"ಏನಾಗಬೇಕಮ್ಮ ನಿಮಗೆ? ಹುಷಾರಿಲ್ವಾ?"

"ಕಾಡಲ್ಲಿದಾಳೆ. ದಾರಿ ಸಿಗ್ಬೇಕು."

ಅರ್ಚಕರು ತಟ್ಟೆಯನ್ನು ಕೆಳಗಿಟ್ಟರು. ಅವರೂ ನೋಡುಗರೇ ಎಂದು ಮುಖವೇ ಹೇಳುತ್ತಿತ್ತು. "ಅವಳಿಗಾ? ಅತ್ತೇನ ಬಿಟ್ಟು ಹೋದವಳಿಗೆ ಅರ್ಚನೆನಾ? ಆ ಡಾಕ್ಟರಿಗೆ ಮಾಡ್ಸಿ, ಬೇಕಾದ್ರೆ ನಾನೇ ಮಾಡ್ತೀನಿ."

ಹಿಂದೆ ಸಾಲಿನಲ್ಲಿದ್ದ ಹೆಂಗಸೊಬ್ಬರು, "ಮಾಡಿಸ್ಲಿ ಬಿಡಿ ಸ್ವಾಮಿ, ಅವಳೂ ಮನುಷ್ಯಳೇ ಅಲ್ವಾ," ಎಂದರು. ಇನ್ನೊಬ್ಬರು ಕೂಡದೆಂದರು. ಕಣ್ಣು ಮುಚ್ಚಿ ನಿಂತಿದ್ದವರೆಲ್ಲ ಕಣ್ಣು ತೆರೆದರು. ದೇವರ ಎದುರಿಗೇ ಧಾರಾವಾಹಿಯ ಪಂಚಾಯಿತಿ ಶುರುವಾಯಿತು. ನನಗೆ ನಾಚಿಕೆ ಮತ್ತು ಸಂತೋಷ ಎರಡೂ ಒಟ್ಟಿಗೇ ಉಕ್ಕಿಬಂದವು. ಕೊನೆಗೆ ಅರ್ಚಕರು ಸೋತು, "ಸರಿ, ನಕ್ಷತ್ರ ಹೇಳಿ," ಎಂದರು.

ಇಲ್ಲದ ಹೆಣ್ಣಿಗೆ ಎಲ್ಲಿಯ ನಕ್ಷತ್ರ? ಪದ್ಮತ್ತೆ ತಡವರಿಸಲಿಲ್ಲ. "ಆಶ್ಲೇಷ."

"ಹಾಗ್ ಹೇಳಿ ಮತ್ತೆ. ಆಶ್ಲೇಷದ ಸೊಸೆ ಅತ್ತೆಗೆ ಆಗಲ್ಲ ಅಂತ ಸುಮ್ನೆ ಅಂತಾರಾ?" ಎಂದು ನಗುತ್ತ ಅವರು ಒಳಗೆ ಹೋದರು. ಪದ್ಮತ್ತೆ ನಗಲಿಲ್ಲ. ಆಶ್ಲೇಷ ಅವರದೇ ನಕ್ಷತ್ರ. ಮದುವೆಯಾದ ದಿನದಿಂದ ಆ ಮಾತನ್ನು ಅವರು ಕೇಳುತ್ತಲೇ ಬಂದಿದ್ದರು. ಗರ್ಭಗುಡಿಯಿಂದ ಗಿರಿಜೆಯ ಹೆಸರು ಕೇಳಿಬಂದಾಗ ಅವರು ಎರಡು ಕೈಯನ್ನೂ ತಲೆಯ ಮೇಲೆತ್ತಿ ಮುಗಿದರು. ನನಗೆ ದುಃಖ ಉಮ್ಮಳಿಸಿತು, ಮುಚ್ಚಿಡುವುದೇನು.

ಮನೆಗೆ ಬಂದು ಅಮ್ಮನಿಗೆ ಎಲ್ಲ ಹೇಳಿದೆ. ಸೆಲ್ವಿ ಆಂಟಿಗೆ ಹೇಳಿ ನಗಬೇಕಾದ ಸಂಗತಿಯೆಂದು ಅಮ್ಮ ಕೇಳತೊಡಗಿದವಳು, ನಕ್ಷತ್ರದ ಮಾತು ಬಂದಾಗ ನಗುವುದನ್ನು ಬಿಟ್ಟಳು. ಹಿಟ್ಟು ಕಲಸುತ್ತಿದ್ದ ಕೈ ಪಾತ್ರೆಯಲ್ಲೇ ನಿಂತಿತು. ಆ ವಾರ ಅವಳು ಯಾರ ಬಳಿಯೂ ಗಿರಿಜೆಯ ಮಾತೆತ್ತಲಿಲ್ಲ.

ಗಿರಿಜೆ ಸಾಯಲಿಲ್ಲ. ಹರಿದ ಸೀರೆಯಲ್ಲಿ ಟಾರು ರಸ್ತೆಗೆ ಬಂದು ಲಾರಿಯೊಂದನ್ನು ಅಡ್ಡಗಟ್ಟಿದಳು, ಜನರನ್ನು ಕಂದಕಕ್ಕೆ ಕರೆತಂದಳು. ಡಾಕ್ಟರು ಉಳಿದದ್ದು ಅವಳಿಂದಲೇ. ಸೆಲ್ವಿ ಆಂಟಿ ಎದ್ದು ನಿಂತು ಕುಣಿದರು, ಅಪ್ಪ ಚಪ್ಪಾಳೆ ತಟ್ಟಿದರು. ಕೊನೆಯ ಕಂತಿನ ಕೊನೆಯಲ್ಲಿ ಗಿರಿಜೆ ಗಂಡನ ಮನೆಯ ಮುಚ್ಚಿದ ಬಾಗಿಲ ಮುಂದೆ ನಿಂತಳು. ಒಳಗೆ ಪಿಸುಮಾತು. ಬಾಗಿಲು ತೆರೆಯುವುದಿಲ್ಲ.

"ತೆಗೀರೋ," ಎಂದು ಅಮ್ಮ ಟಿವಿಯನ್ನೇ ಗದರಿದಳು. "ಎಷ್ಟೊತ್ತು ನಿಲ್ಲಿಸ್ತೀರ ಅವಳನ್ನ?"

ಬಾಗಿಲು ಮುಚ್ಚಿರುವಂತೆಯೇ ಹೆಸರುಗಳು ಮೇಲಕ್ಕೆ ಹರಿದವು, ಧಾರಾವಾಹಿ ಮುಗಿಯಿತು. ತೆಗೆದರೋ ಇಲ್ಲವೋ ಎಂದು ವಾದಿಸುತ್ತ ಸೆಲ್ವಿ ಆಂಟಿ ಮನೆಗೆ ಹೋದರು. ಅಮ್ಮ ಟಿವಿ ಆರಿಸಿ, ಚಾಪೆಯ ಮೇಲೆ ಪದ್ಮತ್ತೆಯ ಎದುರು ಕುಳಿತಳು.

"ಅತ್ತಿಗೆ, ಅಲ್ಲಿ ಏನಾಯ್ತು ಹೇಳಿ."

ಪದ್ಮತ್ತೆ ಅವಳ ಮುಖ ನೋಡಿದರು. "ಉಗ್ರಾಣದ ಬೀಗದ ಕೈ ಮೈದುನನ ಹತ್ರ ಇತ್ತು. ಅತ್ತೆಗೆ ಮಾತ್ರ ಗಂಜಿ ಕಳಿಸ್ತಿದ್ದ, ನನಗೇನೂ ಇಲ್ಲ. ಅವ್ರು ತಮ್ಮ ಗಂಜೀಲೇ ನನಗೆ ಅರ್ಧ ಕೊಡೋರು. ಹೀಗೇ ಆದ್ರೆ ಇಬ್ರೂ ಉಳಿಯಲ್ಲ, ನೀನು ಹೋಗೇ ತಾಯಿ ಅಂತ ಅವ್ರೇ ಕಳಿಸಿದ್ರು."

"ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ ಅತ್ತಿಗೆ?" ಅಮ್ಮ ಅಳುತ್ತಿದ್ದಳು.

"ಯಾರೂ ಕೇಳ್ಲಿಲ್ವಲ್ಲ," ಎಂದರು ಪದ್ಮತ್ತೆ.