ಒಗೆಯದೆ ಉಳಿದ ಸ್ವೆಟರ್

ಅಣುಬಾಂಬು ಬಿದ್ದ ಮೇಲೆ ಆ ಹಳೆಯ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಉಳಿದವರೆಲ್ಲ ಹುಡುಗ ಹುಡುಗಿಯರೇ. ಮೀಸೆ ಚಿಗುರಿದವನೊಬ್ಬನಿದ್ದ, ಅವನೇ ಅಲ್ಲಿಗೆ ಹಿರೀಕ. ಬಟ್ಟೆ ಒಗೆಯುವ ಕೆಲಸ ಅಕ್ಕನದು. ಅವಳಿಗೆ ಒಡಹುಟ್ಟಿದವಳು ಒಬ್ಬಳೇ ತಂಗಿ. ಉಳಿದವರು ಬೈಸಿಕೊಂಡೇ ಅವಳನ್ನು ಅಕ್ಕ ಮಾಡಿಕೊಂಡಿದ್ದರು.

ಕಾಳುಕಡ್ಡಿ ಹುಡುಕಲು ಹೊರಗೆ ಹೋದವರು ಬಾಗಿಲಲ್ಲೇ ಬಟ್ಟೆ ಕಳಚಬೇಕು. ಕೊಡವುವಂತಿಲ್ಲ, ವಿಷದ ಬೂದಿ ಉಸಿರಿಗೆ ಹೋಗುತ್ತದೆ. ಸೋಪು ಹಚ್ಚಿ ಮೂರು ನೀರಿನಲ್ಲಿ ಒಗೆದು, ಆ ನೀರನ್ನು ದೂರದ ಗುಂಡಿಗೆ ಚೆಲ್ಲಿ, ವಿಕಿರಣ ಅಳೆಯುವ ಯಂತ್ರದ ಟಿಕ್‌ಟಿಕ್ ಇಳಿದರೆ ಮಾತ್ರ ಬಟ್ಟೆ ಒಳಗೆ.

"ಬಿಟ್ರೆ ನಮ್ಮನ್ನೂ ಹಿಂಡಿ ಒಣಗಹಾಕ್ತಾಳೆ," ಎಂದು ಮೀಸೆಯವನು ನಗುತ್ತಿದ್ದ.

ಅಂಥವಳೇ ಒಂದು ಸ್ವೆಟರನ್ನು ಒಗೆಯದೆ, ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು, ಬಾಗಿಲಾಚೆಯ ಕಪಾಟಿನಲ್ಲಿ ಇಟ್ಟಿದ್ದಳು. ಅದು ಅಮ್ಮನದು. ಅದರಲ್ಲಿ ಅಮ್ಮನ ವಾಸನೆ ಇತ್ತು: ತಲೆಗೆ ಹಚ್ಚಿದ ಎಣ್ಣೆ, ಬೆವರು, ಒಂದಿಷ್ಟು ಒಲೆಯ ಹೊಗೆ. ಜೀವ ತಡೆಯದಾದಾಗ ಚೀಲದ ಗಂಟು ಬಿಚ್ಚಿ ಒಂದೇ ಒಂದು ಉಸಿರು ಎಳೆದುಕೊಳ್ಳುತ್ತಿದ್ದಳು. ಬೇರೆ ಯಾರಾದರೂ ಹಾಗೆ ಮಾಡಿದ್ದರೆ ಅವರ ಗ್ರಹಚಾರ ಬಿಡಿಸುತ್ತಿದ್ದಳು. ಆದರೆ ಅಮ್ಮ ಬೇಕು ಅನ್ನಿಸುವಾಗ ಬುದ್ಧಿಯ ಮಾತು ಯಾರು ಕೇಳುತ್ತಾರೆ!

ಆ ಸಲ ಚಳಿ ಮೈಕೊರೆಯಿತು. ತಂಗಿ ಕೆಮ್ಮಿ ಕೆಮ್ಮಿ ಹೈರಾಣಾದಳು. ಬೆಚ್ಚಗಿನ ಬಟ್ಟೆಯೆಲ್ಲ ಹಂಚಿ ಮುಗಿದಿತ್ತು. ಅಕ್ಕ ಕಪಾಟು ತೆರೆದು ಯಂತ್ರವನ್ನು ಸ್ವೆಟರಿನ ಹತ್ತಿರ ಹಿಡಿದಳು. ಒಗ್ಗರಣೆಗೆ ಹಾಕಿದ ಸಾಸಿವೆಯ ಹಾಗೆ ಅದು ಚಟಪಟ ಎಂದಿತು. ಒಗೆದರೆ ಅಮ್ಮ ಹೋಗುತ್ತಾಳೆ, ಒಗೆಯದಿದ್ದರೆ ತಂಗಿಗೆ ಹೊದಿಸುವ ಹಾಗಿಲ್ಲ.

"ಕೊಡು, ನಾನು ಒಗೀತೀನಿ," ಎಂದ ಮೀಸೆಯವನು ಮೆಲ್ಲಗೆ.

"ಬೇಡ ಕಣೋ. ನಮ್ಮಮ್ಮನ್ನ ನಾನೇ ಕಳಿಸಿಕೊಡ್ತೀನಿ."

ಮೊದಲ ನೀರಿಗೆ ಬೂದಿ ಬಿಟ್ಟಿತು. ಎರಡನೆಯದಕ್ಕೆ ಎಣ್ಣೆಯ ಜಿಡ್ಡು ತೇಲಿತು. ಮೂರನೆಯದಕ್ಕೆ ಕೈ ಹಾಕಿದವಳು ಗಳಗಳನೆ ಅತ್ತುಬಿಟ್ಟಳು. ಯಾರೂ ಆ ಕಡೆ ಸುಳಿಯಲಿಲ್ಲ.

ಯಂತ್ರ ತಣ್ಣಗಾಯಿತು. ಒಣಗಿದ ಸ್ವೆಟರ್ ತೊಟ್ಟ ತಂಗಿ ಅದರ ತೋಳಿಗೆ ಮೂಗು ಒತ್ತಿದಳು. ಈಗ ಮಾತಿನಮಲ್ಲಿಯಾದರೂ ಅಮ್ಮ ಹೋದಾಗ ಅವಳಿನ್ನೂ ಕೈಗೂಸು. ಅಮ್ಮನ ಮುಖವೂ ಅವಳಿಗೆ ನೆನಪಿಲ್ಲ.

"ಅಕ್ಕಾ, ಅಮ್ಮ ಹೀಗೇ ಘಮ್ ಅಂತಿದ್ಲಾ?"

ಅದರಲ್ಲಿ ಉಳಿದಿದ್ದದ್ದು ಬರೀ ಸೋಪಿನ ವಾಸನೆ. ಅಕ್ಕ ಉದ್ದವಾಗಿದ್ದ ಆ ತೋಳನ್ನು ಮಡಚಿದಳು.

"ಹೂಂ. ಹೀಗೇ."

"ಹಾಗಾದ್ರೆ ಥೇಟ್ ನಿನ್ನ ಥರಾನೇ!" ಎಂದು ತಂಗಿ ಅವಳ ಮಡಿಲಿಗೆ ನುಗ್ಗಿ ಮುದುಡಿಕೊಂಡಳು.